ಜಾಂಜಿಬಾರಿನ ಗುಲಾಮರ ಸಂತೆ ಮತ್ತು ಕಾನ್ಸಲ್ ಜಾನ್ ಕರ್ಕ್

1873ರ ಜೂನ್ 5ರಂದು ಪೂರ್ವ ಆಫ್ರಿಕಾದ ಜಾಂಜಿಬಾರ್ ದ್ವೀಪದಲ್ಲಿ ಸುಲ್ತಾನ್ ಬರ್ಗಶ್ ಬಿನ್ ಸಯೀದ್ ಅವರು ಬ್ರಿಟಿಷ್ ಸರ್ಕಾರದೊಂದಿಗಿನ ಒಂದು ಒಪ್ಪಂದಕ್ಕೆ ಒಪ್ಪಿಗೆಯ ಮುದ್ರೆ ಹಾಕಿದರು. ಆ ದಿನದಿಂದ ಅವರ ರಾಜ್ಯದ ಕರಾವಳಿಯಿಂದ ಗುಲಾಮರನ್ನು ಹಡಗಿಗೆ ಹತ್ತಿಸುವುದು ಅಪರಾಧವಾಯಿತು, ಮತ್ತು ಪೂರ್ವ ಆಫ್ರಿಕಾದಲ್ಲೇ ಅತಿ ದೊಡ್ಡದೆನಿಸಿದ್ದ ಜಾಂಜಿಬಾರಿನ ಗುಲಾಮರ ಸಂತೆ ಮುಚ್ಚಿತು. ಈ ಒಪ್ಪಂದವನ್ನು ಸುಲ್ತಾನರಿಂದ ಪಡೆದವರು ಅಲ್ಲಿ ಬ್ರಿಟಿಷ್ ಕಾನ್ಸಲ್, ಅಂದರೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿ, ಆಗಿದ್ದ ಜಾನ್ ಕರ್ಕ್ ಎಂಬ ಸ್ಕಾಟ್ಲೆಂಡಿನ ವೈದ್ಯರು. ಆದರೆ ಅದೇ ದ್ವೀಪದ ಲವಂಗದ ತೋಟಗಳಲ್ಲಿ ಅಂದು ಬೆಳಿಗ್ಗೆ ಗುಲಾಮರಾಗಿ ಕೆಲಸಕ್ಕೆ ಹೋದವರು ಸಂಜೆಯೂ ಗುಲಾಮರಾಗಿಯೇ ಗುಡಿಸಲಿಗೆ ಮರಳಿದರು; ಅವರ ಸ್ಥಿತಿಯನ್ನು ಕಾನೂನು ಮುಟ್ಟುವುದಕ್ಕೆ ಇನ್ನೂ 24 ವರ್ಷ ಬೇಕಾಯಿತು.

ಈ ಅಂತರ ಅರ್ಥವಾಗದೆ ಕರ್ಕ್ ಅವರ ಬದುಕು ಅರ್ಥವಾಗುವುದಿಲ್ಲ. ಗುಲಾಮರ ವ್ಯಾಪಾರ ಬೇರೆ, ಗುಲಾಮಗಿರಿ ಬೇರೆ. ಮೊದಲನೆಯದು ಮನುಷ್ಯರನ್ನು ಹಿಡಿದು, ಸಾಗಿಸಿ, ಮಾರುವ ದಂಧೆ. ಎರಡನೆಯದು ಒಬ್ಬ ಮನುಷ್ಯ ಇನ್ನೊಬ್ಬನ ಸೊತ್ತು ಎಂದು ನ್ಯಾಯಾಲಯವೂ ಊರೂ ಒಪ್ಪಿಕೊಂಡಿರುವ ಸ್ಥಿತಿ. ಬ್ರಿಟನ್ ತನ್ನ ಪ್ರಜೆಗಳ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ, ತನ್ನ ಬಹುಪಾಲು ವಸಾಹತುಗಳಲ್ಲಿ ಗುಲಾಮಗಿರಿಯನ್ನೇ ರದ್ದುಮಾಡುವ ಕಾಯ್ದೆ ತಂದದ್ದು 1833ರಲ್ಲಿ. ಇವೆರಡರ ನಡುವೆ ಒಂದು ತಲೆಮಾರು ಕಳೆದಿತ್ತು. ಜಾಂಜಿಬಾರ್ ಬ್ರಿಟನ್ನಿನ ವಸಾಹತಾಗಿರಲಿಲ್ಲ. ಅದು ಒಮಾನಿ ಅರಬ್ ಮನೆತನವೊಂದು ಆಳುತ್ತಿದ್ದ ಸ್ವತಂತ್ರ ರಾಜ್ಯ. ಪರರಾಜ್ಯದಲ್ಲಿ ಕುಳಿತ ಒಬ್ಬ ಕಾನ್ಸಲ್‌ಗೆ ಅಲ್ಲಿನ ಕಾನೂನನ್ನು ಬದಲಿಸುವ ಅಧಿಕಾರ ಇರುವುದಿಲ್ಲ. ಅವರ ಕೈಯಲ್ಲಿದ್ದುದು ಒಪ್ಪಂದದ ಕಾಗದ, ಮೇಲಧಿಕಾರಿಗಳಿಗೆ ಬರೆಯುವ ವರದಿ, ತಮ್ಮ ದೇಶದ ಪ್ರಜೆಗಳ ಮೇಲಿನ ನ್ಯಾಯಾಧಿಕಾರ, ಸುಲ್ತಾನರೊಂದಿಗಿನ ಸಲಿಗೆ, ಮತ್ತು ಬಂದರಿನಾಚೆ ಲಂಗರು ಹಾಕಿದ ನೌಕಾಪಡೆಯ ಭಯ. ಇಷ್ಟರಲ್ಲಿ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂಬುದನ್ನು ಜಾಂಜಿಬಾರಿನಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಕರಣ ಹತ್ತೊಂಬತ್ತನೆಯ ಶತಮಾನದಲ್ಲಿ ನನಗೆ ಕಂಡಿಲ್ಲ.

ಆ ವ್ಯಾಪಾರವನ್ನು ನಡೆಸುತ್ತಿದ್ದುದು ಗಾಳಿ ಎಂದರೂ ತಪ್ಪಿಲ್ಲ. ನಮ್ಮ ಪಶ್ಚಿಮ ಕರಾವಳಿಗೆ ಮಳೆ ತರುವ ಅದೇ ಮಾನ್ಸೂನ್ ಮಾರುತಗಳು ಅರಬ್ಬಿ ಸಮುದ್ರದ ಆಚೆ ದಡದ ನೌಕಾಯಾನವನ್ನೂ ನಿರ್ಧರಿಸುತ್ತಿದ್ದವು. ಡಿಸೆಂಬರಿನಿಂದ ಮಾರ್ಚಿಯವರೆಗೆ ಈಶಾನ್ಯದ ಗಾಳಿ ಹಿಡಿದು ಅರೇಬಿಯಾ, ಪರ್ಷಿಯಾ ಕೊಲ್ಲಿ ಮತ್ತು ಕಚ್ಛದ ಹಾಯಿಹಡಗುಗಳು ಜಾಂಜಿಬಾರಿಗೆ ಬರುತ್ತಿದ್ದವು. ಏಪ್ರಿಲ್ ನಂತರ ನೈಋತ್ಯದ ಗಾಳಿ ತಿರುಗಿದಾಗ ದಂತ, ಲವಂಗ, ಅಂಟು ಮತ್ತು ಮನುಷ್ಯರನ್ನು ತುಂಬಿಕೊಂಡು ಮರಳುತ್ತಿದ್ದವು. ಮನುಷ್ಯರನ್ನು ಒಳನಾಡಿನ ನ್ಯಾಸಾ ಸರೋವರದ ಸುತ್ತಣ ಊರುಗಳಿಂದ ಹಿಡಿದು, ಕೊರಳಿಗೆ ಕವಲುಗೋಲು ಬಿಗಿದು, ವಾರಗಟ್ಟಲೆ ನಡೆಸಿ ಕಿಲ್ವಾ ಬಂದರಿಗೆ ತರುತ್ತಿದ್ದರು. ಅಲ್ಲಿಂದ ಜಾಂಜಿಬಾರಿಗೆ. 1860ರ ದಶಕದ ಬ್ರಿಟಿಷ್ ವರದಿಗಳು ಈ ದ್ವೀಪದ ಮೂಲಕ ವರ್ಷಕ್ಕೆ ಸುಮಾರು 20,000 ಮಂದಿ ಸಾಗುತ್ತಿದ್ದರೆಂದು ಅಂದಾಜು ಮಾಡಿದ್ದವು. ದಾರಿಯಲ್ಲೇ ಸತ್ತವರು ಈ ಲೆಕ್ಕದಲ್ಲಿ ಇಲ್ಲ.

ಇಷ್ಟೊಂದು ಜನ ಯಾಕೆ ಬೇಕಾಗಿದ್ದರು ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಲವಂಗದಲ್ಲಿದೆ. ಶತಮಾನದ ಆರಂಭದಲ್ಲಿ ದ್ವೀಪಕ್ಕೆ ಬಂದ ಲವಂಗದ ಗಿಡ ಕೆಲವೇ ದಶಕಗಳಲ್ಲಿ ಜಾಂಜಿಬಾರ್ ಮತ್ತು ಪಕ್ಕದ ಪೆಂಬಾ ದ್ವೀಪವನ್ನು ಆವರಿಸಿ, ಜಗತ್ತಿನ ಲವಂಗದ ಬಹುಪಾಲು ಅಲ್ಲಿಂದಲೇ ಬರುವಂತೆ ಮಾಡಿತು. ಲವಂಗವೆಂದರೆ ಹೂವಾಗಿ ಅರಳುವ ಮುನ್ನ ಕೈಯಿಂದಲೇ ಬಿಡಿಸಬೇಕಾದ ಮೊಗ್ಗು. ಒಂದೇ ಮರವನ್ನು ಒಂದು ಋತುವಿನಲ್ಲಿ ಹಲವು ಸಲ ಹತ್ತಿ ಇಳಿಯಬೇಕು. ಒಮಾನಿನ ಸುಲ್ತಾನ್ ಸಯೀದ್ ಬಿನ್ ಸುಲ್ತಾನ್ ತಮ್ಮ ರಾಜಧಾನಿಯನ್ನೇ 1840ರ ಹೊತ್ತಿಗೆ ಮಸ್ಕತ್ತಿನಿಂದ ಈ ದ್ವೀಪಕ್ಕೆ ಸ್ಥಳಾಂತರಿಸಿದರು. ಒಳಬಂದ ಪ್ರತಿಯೊಬ್ಬ ಗುಲಾಮನ ತಲೆಯ ಮೇಲೆ ಸುಂಕವಿತ್ತು. ಆ ಸುಂಕ ರಾಜ್ಯದ ಬೊಕ್ಕಸಕ್ಕೆ ಮುಖ್ಯ ಆದಾಯವಾದ್ದರಿಂದ, ವ್ಯಾಪಾರವನ್ನು ನಿಲ್ಲಿಸಿ ಎಂದು ಸುಲ್ತಾನರಿಗೆ ಹೇಳುವುದೆಂದರೆ ಆದಾಯವನ್ನು ಬಿಟ್ಟುಕೊಡಿ, ತೋಟದೊಡೆಯರಾದ ನಿಮ್ಮ ಬಂಧುಗಳ ದ್ವೇಷವನ್ನು ಕಟ್ಟಿಕೊಳ್ಳಿ ಎಂದು ಹೇಳಿದಂತೆಯೇ ಆಗುತ್ತಿತ್ತು.

ಕರ್ಕ್ ಬರುವ ಮೊದಲೇ ಎರಡು ಒಪ್ಪಂದಗಳು ಆಗಿದ್ದವು. 1822ರ ಒಪ್ಪಂದ ಕ್ರೈಸ್ತ ರಾಷ್ಟ್ರಗಳಿಗೆ ಗುಲಾಮರನ್ನು ಮಾರುವುದನ್ನು ತಡೆಯಿತು. 1845ರದ್ದು ಆಫ್ರಿಕಾದಿಂದ ಅರೇಬಿಯಾಕ್ಕೆ ಸಾಗಿಸುವುದನ್ನೂ ನಿಷೇಧಿಸಿತು, ಆದರೆ ಸುಲ್ತಾನರ ಆಫ್ರಿಕನ್ ಪ್ರದೇಶದೊಳಗೆ, ದಕ್ಷಿಣದ ಕಿಲ್ವಾದಿಂದ ಉತ್ತರದ ಲಾಮುವರೆಗೆ, ಸಾಗಣೆಗೆ ಅವಕಾಶ ಉಳಿಸಿತು. ಹಡಗೊಂದು ಕಿಲ್ವಾದಿಂದ ನೂರು ಜನರನ್ನು ತುಂಬಿಕೊಂಡು ಹೊರಟು ನಾನು ಲಾಮುವಿಗೆ ಹೋಗುತ್ತಿದ್ದೇನೆ ಎಂದರೆ ನೌಕಾಪಡೆಯ ಅಧಿಕಾರಿ ಅದನ್ನು ಬಿಡಲೇಬೇಕಿತ್ತು. ಲಾಮು ದಾಟಿದ ಮೇಲೆ ಮಸ್ಕತ್ತಿನ ದಾರಿಯಲ್ಲಿ ಅದನ್ನು ಹಿಡಿಯುವುದು ಅದೃಷ್ಟದ ಮಾತು. ಈ ಬಿರುಕನ್ನು ಮುಚ್ಚುವುದೇ ಮುಂದೆ ಕರ್ಕ್ ಅವರ ಮುಖ್ಯ ಕೆಲಸವಾಯಿತು.

ಜಾನ್ ಕರ್ಕ್ ಹುಟ್ಟಿದ್ದು 1832ರ ಡಿಸೆಂಬರ್ 19ರಂದು, ಸ್ಕಾಟ್ಲೆಂಡಿನ ಆರ್ಬ್ರೋತ್ ಬಳಿಯ ಬ್ಯಾರಿ ಎಂಬ ಊರಿನ ಪಾದ್ರಿಯೊಬ್ಬರ ಮಗನಾಗಿ. ಎಡಿನ್‌ಬರೋದಲ್ಲಿ ವೈದ್ಯ ವಿದ್ಯೆ ಕಲಿತು 1854ರಲ್ಲಿ ಪದವಿ ಪಡೆದರು. ಕ್ರಿಮಿಯಾ ಯುದ್ಧದ ಸಮಯದಲ್ಲಿ ಡಾರ್ಡನೆಲ್ಸ್ ಬಳಿಯ ಸೇನಾ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಅವರ ನಿಜವಾದ ಪ್ರೀತಿ ಸಸ್ಯಶಾಸ್ತ್ರ. ಆ ಪ್ರೀತಿಯೇ ಅವರನ್ನು 1858ರಲ್ಲಿ ಆಫ್ರಿಕಾದ ಶೋಧಕರಾಗಿ ಹೆಸರಾಗಿದ್ದ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ ಅವರ ಜಾಂಬೆಜಿ ನದಿಯ ಶೋಧಯಾತ್ರೆಗೆ ವೈದ್ಯರಾಗಿಯೂ ಸಸ್ಯಶಾಸ್ತ್ರಜ್ಞರಾಗಿಯೂ ಕರೆದೊಯ್ದಿತು. ಐದು ವರ್ಷದ ಆ ಯಾತ್ರೆ ಅದರ ಉದ್ದೇಶಗಳ ದೃಷ್ಟಿಯಿಂದ ವಿಫಲವಾಯಿತು: ಹಡಗು ಸಾಗಬಹುದೆಂದು ನಂಬಿದ್ದ ನದಿಗೆ ಕೆಬ್ರಬಾಸಾದ ಜಲಪಾತಗಳು ಅಡ್ಡಬಂದವು, ಜ್ವರಕ್ಕೆ ಜನ ಬಲಿಯಾದರು, 1862ರ ಏಪ್ರಿಲ್‌ನಲ್ಲಿ ಲಿವಿಂಗ್‌ಸ್ಟನ್ ಅವರ ಪತ್ನಿ ಮೇರಿ ಕೂಡ ಶುಪಾಂಗಾದಲ್ಲಿ ತೀರಿಕೊಂಡರು. ಕರ್ಕ್ ಒಮ್ಮೆ ದೋಣಿ ಮಗುಚಿ ಮುಳುಗುವುದರಿಂದ ಸ್ವಲ್ಪದರಲ್ಲಿ ಪಾರಾದರು. ಅವರ ಟಿಪ್ಪಣಿಗಳೂ ಗಿಡಗಳ ಚಿತ್ರಗಳೂ ನೀರುಪಾಲಾದವು.

ಆ ಯಾತ್ರೆಯ ಕಾಲದ ಒಂದು ಸಣ್ಣ ಸಂಗತಿ ಅವರ ಸ್ವಭಾವವನ್ನು ಚೆನ್ನಾಗಿ ಹೇಳುತ್ತದೆ. ಸ್ಥಳೀಯರು ಬಾಣದ ತುದಿಗೆ ಸವರುತ್ತಿದ್ದ ಕೊಂಬೆ ಎಂಬ ಸಸ್ಯವಿಷದ ಮಾದರಿಯನ್ನು ಅವರು ಚೀಲದಲ್ಲಿ ಇಟ್ಟುಕೊಂಡಿದ್ದರು. ಅದು ಹಲ್ಲುಜ್ಜುವ ಬ್ರಷ್‌ಗೆ ತಗುಲಿ, ಅದನ್ನು ಬಳಸಿದಾಗ ತಮ್ಮ ನಾಡಿ ನಿಧಾನವಾದದ್ದನ್ನು ಗಮನಿಸಿದರು. ಗಾಬರಿಪಡುವ ಬದಲು ಅದನ್ನು ಬರೆದಿಟ್ಟರು. ಆ ಸಸ್ಯದಿಂದಲೇ ಮುಂದೆ ಎಡಿನ್‌ಬರೋದಲ್ಲಿ ಹೃದಯದ ಔಷಧಿ ಸ್ಟ್ರೋಫ್ಯಾಂಥಿನ್ ಸಿದ್ಧವಾಯಿತು. ನೋಡಿದ್ದನ್ನು ನೋಡಿದಂತೆ ಬರೆದಿಡುವ ಈ ಅಭ್ಯಾಸವೇ ಕಾನ್ಸಲ್ ಆದ ಮೇಲೆ ಅವರ ದೊಡ್ಡ ಬಲವಾಯಿತು, ಯಾಕೆಂದರೆ ಗುಲಾಮರ ವ್ಯಾಪಾರದ ವಿರುದ್ಧದ ವಾದ ಲಂಡನ್ನಿನಲ್ಲಿ ಗೆಲ್ಲಬೇಕಾದರೆ ಕರುಣೆಯ ಮಾತಿನಷ್ಟೇ ಅಂಕಿಗಳೂ ಬೇಕಾಗಿದ್ದವು.

ಗುಲಾಮರ ವ್ಯಾಪಾರವನ್ನು ಕರ್ಕ್ ಮೊದಲು ಕಣ್ಣಾರೆ ಕಂಡದ್ದು ಜಾಂಬೆಜಿಯ ಉಪನದಿ ಶಿರೆಯ ಕಣಿವೆಯಲ್ಲಿ. 1861ರ ಜುಲೈನಲ್ಲಿ ಲಿವಿಂಗ್‌ಸ್ಟನ್ ತಂಡ ಅಲ್ಲಿ ಎದುರಾದ ಒಂದು ಗುಲಾಮರ ಸಾಲನ್ನು ಬಿಡಿಸಿತು. ಬಿಡುಗಡೆಯಾದವರು 84 ಮಂದಿ. ಅವರಲ್ಲಿ ಚುಮಾ ಎಂಬ ಹುಡುಗನೂ ಇದ್ದ. ಎರಡು ವರ್ಷ ಕಳೆಯುವುದರೊಳಗೆ, ದಾಳಿ ಮತ್ತು ಬರಗಾಲ ಸೇರಿ ಆ ಕಣಿವೆಯ ಊರುಗಳು ಹಾಳುಬಿದ್ದವು, ಯಾತ್ರಿಕರ ಹಡಗು ಹೆಣಗಳು ತೇಲುತ್ತಿದ್ದ ನೀರಿನ ಮೇಲೆ ಸಾಗಬೇಕಾಯಿತು. ಆ ಪ್ರದೇಶದ ಕೆಳಭಾಗ ಪೋರ್ಚುಗೀಸರ ಹಿಡಿತದಲ್ಲಿತ್ತು. 1752ರವರೆಗೆ ಮೊಜಾಂಬಿಕ್‌ನ ಆಡಳಿತ ಗೋವೆಯಿಂದಲೇ ನಡೆಯುತ್ತಿದ್ದುದನ್ನು ಇಲ್ಲಿ ನೆನೆಯಬೇಕು, ಏಕೆಂದರೆ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿ ಸಮುದಾಯದ ಪೂರ್ವಿಕರಲ್ಲಿ ಅನೇಕರು ಈ ಪೋರ್ಚುಗೀಸ್ ದಾರಿಯಲ್ಲೇ ಗೋವೆಗೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ನಮ್ಮ ಕಾಡುಗಳನ್ನು ಸೇರಿದವರು. ಆಫ್ರಿಕಾದ ಪೂರ್ವ ತೀರದ ಗುಲಾಮರ ಕಥೆ ನಮಗೆ ದೂರದ ಕಥೆಯಲ್ಲ.

1866ರಲ್ಲಿ ಕರ್ಕ್ ಜಾಂಜಿಬಾರಿನ ಬ್ರಿಟಿಷ್ ಏಜೆನ್ಸಿಯ ವೈದ್ಯರಾಗಿ ಬಂದರು. ಬಂದವರು ಇಪ್ಪತ್ತು ವರ್ಷ ಅಲ್ಲೇ ಉಳಿದರು: ವೈಸ್ ಕಾನ್ಸಲ್, ಸಹಾಯಕ ಪೊಲಿಟಿಕಲ್ ಏಜೆಂಟ್, ಹಂಗಾಮಿ ಕಾನ್ಸಲ್, 1873ರಲ್ಲಿ ಪೂರ್ಣ ಕಾನ್ಸಲ್, 1880ರಲ್ಲಿ ಕಾನ್ಸಲ್ ಜನರಲ್. ಈ ಹುದ್ದೆಯ ವಿಚಿತ್ರವೆಂದರೆ ಅದಕ್ಕೆ ಇಬ್ಬರು ಯಜಮಾನರಿದ್ದರು. ಕಾನ್ಸಲ್ ಆಗಿ ಲಂಡನ್ನಿನ ವಿದೇಶಾಂಗ ಕಚೇರಿಗೆ, ಪೊಲಿಟಿಕಲ್ ಏಜೆಂಟ್ ಆಗಿ ಬೊಂಬಾಯಿ ಸರ್ಕಾರಕ್ಕೆ ಉತ್ತರ ಕೊಡಬೇಕಿತ್ತು. ಬೊಂಬಾಯಿಗೆ ಜಾಂಜಿಬಾರಿನಲ್ಲಿ ಏನು ಕೆಲಸ ಎಂದು ಓದುಗರಿಗೆ ಅನ್ನಿಸಬಹುದು. ಸುಲ್ತಾನ್ ಸಯೀದ್ 1856ರಲ್ಲಿ ತೀರಿಕೊಂಡ ಮೇಲೆ ಅವರ ಮಕ್ಕಳ ನಡುವಿನ ಉತ್ತರಾಧಿಕಾರದ ಜಗಳವನ್ನು ಬಗೆಹರಿಸಿ, ಒಮಾನ್ ಒಬ್ಬರಿಗೆ, ಜಾಂಜಿಬಾರ್ ಇನ್ನೊಬ್ಬರಿಗೆ, ಜಾಂಜಿಬಾರಿನವರು ಮಸ್ಕತ್ತಿಗೆ ವರ್ಷಕ್ಕೆ 40,000 ನಾಣ್ಯ ಕೊಡಬೇಕು ಎಂದು 1861ರಲ್ಲಿ ತೀರ್ಪು ಕೊಟ್ಟವರು ಭಾರತದ ಗವರ್ನರ್ ಜನರಲ್ ಲಾರ್ಡ್ ಕ್ಯಾನಿಂಗ್. ಜಾಂಜಿಬಾರಿನ ಸುಲ್ತಾನರಾಗಿದ್ದ ಅಣ್ಣ ಮಜೀದರ ವಿರುದ್ಧ ದಂಗೆಯೆದ್ದ ಬರ್ಗಶ್ ಅವರನ್ನು 1859ರಲ್ಲಿ ದೇಶಭ್ರಷ್ಟರಾಗಿ ಕಳಿಸಿದ್ದೂ ಬೊಂಬಾಯಿಗೇ.

ಅದಕ್ಕಿಂತ ಮುಖ್ಯವಾದ ಕಾರಣ ಜಾಂಜಿಬಾರಿನ ಭಾರತೀಯರು. ಕಚ್ಛದ ಭಾಟಿಯಾಗಳು, ಖೋಜಾಗಳು, ಬೋಹ್ರಾಗಳು ಅಲ್ಲಿನ ವ್ಯಾಪಾರದ ಬೆನ್ನೆಲುಬಾಗಿದ್ದರು. ಸುಲ್ತಾನರ ಸುಂಕದ ಕಟ್ಟೆಯನ್ನು ದಶಕಗಟ್ಟಲೆ ಗುತ್ತಿಗೆ ಹಿಡಿದದ್ದು ಜೈರಾಮ್ ಶಿವಜಿ ಎಂಬ ಕಚ್ಛಿ ಪೇಢಿ. ಅರಬ್ ತೋಟದೊಡೆಯರಿಗೂ ಒಳನಾಡಿಗೆ ಹೋಗುವ ವರ್ತಕರಿಗೂ ಸಾಲ ಕೊಡುತ್ತಿದ್ದವರು ಇವರೇ. ಗುಲಾಮರನ್ನು ಹಿಡಿಯಲು ಇವರು ಹೋಗುತ್ತಿರಲಿಲ್ಲ, ಆದರೆ ಹಿಡಿಯಲು ಹೋದವನ ಸಾಮಾನು ಇವರ ಸಾಲದಿಂದ ಬಂದಿರುತ್ತಿತ್ತು. ಗುಲಾಮರ ತಲೆಸುಂಕ ಇವರ ಲೆಕ್ಕದ ಪುಸ್ತಕ ಸೇರುತ್ತಿತ್ತು. ಇವರ ಮನೆ, ಗೋದಾಮುಗಳಲ್ಲೂ ಗುಲಾಮರು ದುಡಿಯುತ್ತಿದ್ದರು. ನಮ್ಮ ದೇಶದವರ ಈ ಪಾಲನ್ನು ಪೂರ್ವ ಆಫ್ರಿಕಾದ ಭಾರತೀಯರ ಸಾಹಸಗಾಥೆಗಳಲ್ಲಿ ಸಾಮಾನ್ಯವಾಗಿ ಹೇಳುವುದಿಲ್ಲ. ಹೇಳಬೇಕು.

ಕಾನ್ಸಲ್‌ಗೆ ಸುಲ್ತಾನರ ಪ್ರಜೆಗಳ ಮೇಲೆ ಅಧಿಕಾರ ಇಲ್ಲದಿದ್ದರೂ ಬ್ರಿಟಿಷ್ ಪ್ರಜೆಗಳ ಮೇಲೆ ಇತ್ತು. ಬ್ರಿಟಿಷ್ ಭಾರತದಿಂದ ಬಂದವರು ಗುಲಾಮರನ್ನು ಇಟ್ಟುಕೊಳ್ಳುವುದು ಅಪರಾಧ ಎಂಬ ಎಳೆಯನ್ನು ಹಿಡಿದು 1858ರಿಂದ 1861ರವರೆಗೆ ಕಾನ್ಸಲ್ ಆಗಿದ್ದ ಕ್ರಿಸ್ಟೋಫರ್ ರಿಗ್ಬಿ ಎಂಬ ಬೊಂಬಾಯಿ ಸೇನೆಯ ಅಧಿಕಾರಿ ಸಾವಿರಾರು ಗುಲಾಮರನ್ನು ಭಾರತೀಯರಿಂದ ಬಿಡಿಸಿದ್ದರು. ಆಮೇಲೆ ತೊಡಕು ಎದ್ದಿತು. ಕಚ್ಛ ದೇಶೀಯ ಸಂಸ್ಥಾನವಾಗಿತ್ತು. ಹಾಗಾದರೆ ಕಚ್ಛಿಗಳು ಬ್ರಿಟಿಷ್ ಪ್ರಜೆಗಳೋ ಅಲ್ಲವೋ? ಅಲ್ಲ ಎಂದರೆ ಅವರು ಸುಲ್ತಾನರ ಅಧೀನರಾಗಿ ಗುಲಾಮರನ್ನು ಇಟ್ಟುಕೊಳ್ಳಬಹುದಿತ್ತು. ಕೊನೆಗೆ ಕಚ್ಛದ ಅರಸರಾದ ರಾವ್ ಅವರೇ, ಜಾಂಜಿಬಾರಿನಲ್ಲಿರುವ ತಮ್ಮ ಪ್ರಜೆಗಳು ಬ್ರಿಟಿಷ್ ರಕ್ಷಣೆಗೆ ಒಳಪಟ್ಟವರು, ಗುಲಾಮರ ವ್ಯವಹಾರ ಮಾಡಿದರೆ ಶಿಕ್ಷಾರ್ಹರು ಎಂದು ಘೋಷಿಸಬೇಕಾಯಿತು. ಪೌರತ್ವದ ಒಂದು ವ್ಯಾಖ್ಯಾನದ ಮೇಲೆ ಸಾವಿರಾರು ಜನರ ಬಿಡುಗಡೆ ನಿಂತಿತ್ತು. ಇಂಥ ಕಡೆಗಳಲ್ಲಿ ಕರ್ಕ್ ಅವರ ತಾಳ್ಮೆ ಕೆಲಸಕ್ಕೆ ಬಂತು.

ಆ ಸಮಾಜದಲ್ಲಿ ಗುಲಾಮಗಿರಿ ಎಷ್ಟು ಆಳಕ್ಕೆ ಇಳಿದಿತ್ತೆಂದರೆ ಅದರ ವಿರೋಧಿಗಳೂ ಅದರಿಂದ ಪಾರಾಗಿರಲಿಲ್ಲ. ಆಗ ಒಳನಾಡಿನಲ್ಲಿ ಅಲೆಯುತ್ತಿದ್ದ ಲಿವಿಂಗ್‌ಸ್ಟನ್ ಅವರಿಗೆ ಜಾಂಜಿಬಾರಿನಿಂದ ಸಾಮಾನು ಕಳಿಸುವ ಹೊಣೆ ಕರ್ಕ್ ಅವರ ಮೇಲಿತ್ತು. ಕರ್ಕ್ ಆ ಕೆಲಸವನ್ನು ಸುಂಕದ ಕಟ್ಟೆಯ ಭಾರತೀಯ ವರ್ತಕರ ಮೂಲಕ ಮಾಡಿಸಿದರು. ಅವರು ಹೊರೆಯಾಳುಗಳಾಗಿ ಕಳಿಸಿದ್ದು ಗುಲಾಮರನ್ನು. ದಾರಿಯಲ್ಲಿ ಸಾಮಾನು ಹಾಳಾಯಿತು, ಕಳುವಾಯಿತು. ಗುಲಾಮಗಿರಿಯ ವಿರುದ್ಧ ಜೀವಮಾನವಿಡೀ ಬರೆದ ಲಿವಿಂಗ್‌ಸ್ಟನ್, ತಮಗಾಗಿ ಗುಲಾಮರನ್ನು ಕಳಿಸಲಾಯಿತೆಂದು ಕಟುವಾಗಿ ದೂರಿದರು. 1871ರಲ್ಲಿ ಅವರನ್ನು ಹುಡುಕಿ ಭೇಟಿಯಾದ ಪತ್ರಕರ್ತ ಹೆನ್ರಿ ಮಾರ್ಟನ್ ಸ್ಟ್ಯಾನ್ಲಿ ಈ ದೂರನ್ನು ಪತ್ರಿಕೆಗಳಲ್ಲಿ ಹರಡಿ, ಕರ್ಕ್ ತಮ್ಮ ಹಳೆಯ ನಾಯಕನನ್ನು ಕೈಬಿಟ್ಟರೆಂದು ಆರೋಪಿಸಿದರು. ಬ್ರಿಟಿಷ್ ಸರ್ಕಾರ ಈ ಆರೋಪವನ್ನು ಒಪ್ಪಲಿಲ್ಲ. ಸಾಮಾನು ಎದುರಿನ ಕರಾವಳಿಯ ಬಾಗಮೊಯೊ ಊರಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದಾಗ ಕರ್ಕ್ ಇನ್ನಷ್ಟು ಚುರುಕಾಗಿ ವಿಚಾರಿಸಬಹುದಿತ್ತು ಎಂಬುದು ನನ್ನ ಅಭಿಪ್ರಾಯ. ಆದರೆ ಸ್ವತಂತ್ರ ಹೊರೆಯಾಳುಗಳು ಸುಲಭವಾಗಿ ಸಿಗದ ಕರಾವಳಿಯಲ್ಲಿ ಶುದ್ಧ ಕೈಗಳಿಂದ ಒಂದು ಮೂಟೆಯನ್ನೂ ಒಳನಾಡಿಗೆ ಕಳಿಸುವುದು ಕಷ್ಟವಿತ್ತು ಎಂಬುದೂ ನಿಜ. 1874ರ ಏಪ್ರಿಲ್ 18ರಂದು ಲಂಡನ್ನಿನ ವೆಸ್ಟ್‌ಮಿನ್ಸ್ಟರ್ ಅಬ್ಬೆಯಲ್ಲಿ ಲಿವಿಂಗ್‌ಸ್ಟನ್ ಅವರ ಅಂತ್ಯಕ್ರಿಯೆ ನಡೆದಾಗ ಶವಪೆಟ್ಟಿಗೆಯ ಇಕ್ಕೆಲದಲ್ಲಿ ನಡೆದವರಲ್ಲಿ ಕರ್ಕ್ ಮತ್ತು ಸ್ಟ್ಯಾನ್ಲಿ ಇಬ್ಬರೂ ಇದ್ದರು. ಆ ದೇಹವನ್ನು ಆಫ್ರಿಕಾದ ಒಳನಾಡಿನಿಂದ ಕರಾವಳಿಗೆ ಹೊತ್ತು ತಂದವರ ಮುಂದಾಳುಗಳಲ್ಲಿ ಒಬ್ಬರು ಶಿರೆ ಕಣಿವೆಯಲ್ಲಿ ಬಿಡುಗಡೆಯಾಗಿದ್ದ, ಬೊಂಬಾಯಿಯಲ್ಲಿ ಓದಿದ್ದ ಅದೇ ಚುಮಾ.

ಬರ್ಗಶ್ 1870ರ ಅಕ್ಟೋಬರ್‌ನಲ್ಲಿ ಸುಲ್ತಾನರಾದರು. 1871ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯೊಂದು ಪೂರ್ವ ಆಫ್ರಿಕಾದ ಗುಲಾಮರ ವ್ಯಾಪಾರದ ವಿಚಾರಣೆ ನಡೆಸಿ, ಅದನ್ನು ಪೂರ್ತಿಯಾಗಿ ನಿಲ್ಲಿಸುವ ಹೊಸ ಒಪ್ಪಂದ ಬೇಕೆಂದಿತು. 1872ರ ಏಪ್ರಿಲ್‌ನಲ್ಲಿ ಭೀಕರ ಚಂಡಮಾರುತ ಜಾಂಜಿಬಾರಿನ ಲವಂಗದ ತೋಟಗಳನ್ನು ನೆಲಕ್ಕೊರಗಿಸಿತು, ಬಂದರಿನ ಹಡಗುಗಳನ್ನು ಒಡೆಯಿತು. ತೋಟವನ್ನು ಮತ್ತೆ ಎಬ್ಬಿಸಲು ಇನ್ನೂ ಹೆಚ್ಚು ಆಳುಗಳು ಬೇಕೆಂದು ತೋಟದೊಡೆಯರು ಹೇಳುತ್ತಿದ್ದ ಹೊತ್ತಿಗೇ, 1873ರ ಜನವರಿಯಲ್ಲಿ, ಹಿಂದೆ ಬೊಂಬಾಯಿಯ ಗವರ್ನರ್ ಆಗಿದ್ದ ಸರ್ ಬಾರ್ಟಲ್ ಫ್ರಿಯರ್ ವಿಶೇಷ ರಾಯಭಾರಿಯಾಗಿ ಬಂದು ಒಪ್ಪಂದದ ಕರಡನ್ನು ಮುಂದಿಟ್ಟರು. ಬರ್ಗಶ್ ಒಪ್ಪಲಿಲ್ಲ. ಒಪ್ಪಿದರೆ ತನ್ನ ಜನ ದಂಗೆಯೇಳುತ್ತಾರೆ, ಒಪ್ಪದಿದ್ದರೆ ಬ್ರಿಟಿಷರು ಬಿಡುವುದಿಲ್ಲ, ಎರಡು ಕಣ್ಣಿಗೂ ಎರಡು ಈಟಿ ಹಿಡಿದು ಯಾವುದರಿಂದ ಚುಚ್ಚಿಸಿಕೊಳ್ಳುತ್ತೀ ಎಂದು ಕೇಳಿದಂತಾಗಿದೆ ಎಂಬುದು ಅವರ ಅಳಲಾಗಿತ್ತು. ಫ್ರಿಯರ್ ಬರಿಗೈಯಲ್ಲಿ ಮರಳಿದರು.

ಫ್ರಿಯರ್ ಅವರಿಗೆ ಸಾಧ್ಯವಾಗದ್ದನ್ನು ಕರ್ಕ್ ಸಾಧಿಸಿದರು. ಒಪ್ಪಂದವಾಗದಿದ್ದರೆ ದ್ವೀಪಕ್ಕೆ ನೌಕಾ ದಿಗ್ಬಂಧನ ಹಾಕಲಾಗುವುದೆಂದು ತಿಳಿಸಬೇಕೆಂಬ ಆಜ್ಞೆ ಲಂಡನ್ನಿನಿಂದ ಬಂತು. ದಿಗ್ಬಂಧನವೆಂದರೆ ಹೊರಗಿನಿಂದ ಧಾನ್ಯ ಬರುವುದಿಲ್ಲ, ಲವಂಗ ಹೊರಗೆ ಹೋಗುವುದಿಲ್ಲ, ದ್ವೀಪ ಹಸಿಯುತ್ತದೆ. ಏಳು ವರ್ಷ ಅಲ್ಲಿದ್ದು ಅರಮನೆಯ ಮನೆಮಾತಾಗಿದ್ದ ಕರ್ಕ್ ಈ ಬೆದರಿಕೆಯ ಅರ್ಥವನ್ನು ಸುಲ್ತಾನರಿಗೂ ಅವರ ಸಲಹೆಗಾರರಿಗೂ ಬಿಡಿಸಿ ಹೇಳಿದರು, ಚರ್ಚೆಗೆ ಜಾಗವಿಲ್ಲ ಎಂಬುದನ್ನೂ ಸ್ಪಷ್ಟಪಡಿಸಿದರು. ಕೆಲವೇ ದಿನಗಳಲ್ಲಿ ಮುದ್ರೆ ಬಿತ್ತು. ಕರಾವಳಿಯಿಂದ ಯಾವ ದಿಕ್ಕಿಗೂ, ಸುಲ್ತಾನರದೇ ರಾಜ್ಯದ ಒಂದು ಭಾಗದಿಂದ ಇನ್ನೊಂದಕ್ಕೂ, ಗುಲಾಮರನ್ನು ಹಡಗಿನಲ್ಲಿ ಸಾಗಿಸಬಾರದು. ಗುಲಾಮರ ಸಂತೆಗಳನ್ನೆಲ್ಲ ಮುಚ್ಚಬೇಕು. ಬಿಡುಗಡೆಯಾದವರಿಗೆ ಸುಲ್ತಾನರು ರಕ್ಷಣೆ ಕೊಡಬೇಕು. ಬ್ರಿಟಿಷ್ ರಕ್ಷಣೆಯಲ್ಲಿರುವ ಭಾರತೀಯರು ಗುಲಾಮರನ್ನು ಇಟ್ಟುಕೊಳ್ಳಬಾರದು. 1845ರ ಬಿರುಕು ಹೀಗೆ ಮುಚ್ಚಿತು. ಸಂತೆ ನಡೆಯುತ್ತಿದ್ದ ಜಾಗದಲ್ಲಿ ಅದೇ ವರ್ಷ ಆಂಗ್ಲಿಕನ್ ಮಿಷನ್ನಿನವರು ಚರ್ಚಿಗೆ ಅಡಿಗಲ್ಲು ಹಾಕಿದರು. ಗುಲಾಮರನ್ನು ಕಟ್ಟಿ ಚಾಟಿಯಿಂದ ಹೊಡೆಯುತ್ತಿದ್ದ ಮರವಿದ್ದ ತಾಣದಲ್ಲೇ ಅದರ ಬಲಿಪೀಠ ಇದೆಯೆಂದು ಇಂದಿಗೂ ತೋರಿಸುತ್ತಾರೆ.

ಇದು ಬೆದರಿಕೆಯಿಂದ ಪಡೆದ ಒಪ್ಪಂದ ಎಂಬುದನ್ನು ಮರೆಮಾಚುವ ಅಗತ್ಯವಿಲ್ಲ. ದೊಡ್ಡ ರಾಜ್ಯವೊಂದು ಚಿಕ್ಕ ರಾಜ್ಯದ ಕತ್ತು ಹಿಸುಕಿತು, ಮತ್ತು ಹಾಗೆ ಹಿಸುಕಿದ್ದರಿಂದ ಒಂದು ಘೋರ ದಂಧೆಯ ಮುಖ್ಯ ದಾರಿ ಮುಚ್ಚಿತು. ಎರಡೂ ಮಾತು ಒಟ್ಟಿಗೇ ಸತ್ಯ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವ ಬರಹಗಳನ್ನು ನಾನು ಒಪ್ಪಲಾರೆ.

ಮುಚ್ಚಿದ ದಾರಿಯ ಪಕ್ಕದಲ್ಲಿ ಇನ್ನೊಂದು ದಾರಿ ತೆರೆಯಿತು. ಸಮುದ್ರದಲ್ಲಿ ಸಾಗಿಸುವಂತಿಲ್ಲ ಎಂದಾದ ಕೂಡಲೇ ವರ್ತಕರು ಗುಲಾಮರನ್ನು ಕಿಲ್ವಾದಿಂದ ಕರಾವಳಿಯ ಗುಂಟ ನೂರಾರು ಮೈಲಿ ಉತ್ತರಕ್ಕೆ ನಡೆಸಿ, ಪೆಂಬಾದ ಎದುರಿನ ದಡದಿಂದ ರಾತ್ರಿ ಚಿಕ್ಕ ದೋಣಿಗಳಲ್ಲಿ ದಾಟಿಸತೊಡಗಿದರು. ಚಂಡಮಾರುತದಿಂದ ಬಹುಪಾಲು ಪಾರಾಗಿದ್ದ ಪೆಂಬಾದಲ್ಲಿ ಲವಂಗಕ್ಕೆ ಆಗ ಒಳ್ಳೆಯ ಬೆಲೆ. ಕರ್ಕ್ ಅವರ ಸಹಾಯಕ ಫ್ರೆಡರಿಕ್ ಎಲ್ಟನ್ 1873ರ ಕೊನೆಯಲ್ಲಿ ಈ ದಾರಿಯಲ್ಲೇ ಕಿಲ್ವಾ ಕಡೆಗೆ ನಡೆದು ಹೋಗಿ, ಭಾರತೀಯರ ಬಳಿಯಿದ್ದ ಗುಲಾಮರನ್ನು ಬಿಡಿಸುತ್ತ, ಎದುರಾದ ಸಾಲುಗಳನ್ನು ಎಣಿಸಿದರು: ಒಂದೇ ತಿಂಗಳಲ್ಲಿ 4,000ಕ್ಕೂ ಹೆಚ್ಚು ಮಂದಿ. ಹಡಗಿನಲ್ಲಿ ಕೆಲವು ದಿನಗಳ ಪ್ರಯಾಣವಾಗಿದ್ದದ್ದು ಈಗ ಬಿಸಿಲಿನಲ್ಲಿ ವಾರಗಟ್ಟಲೆಯ ನಡಿಗೆಯಾಗಿತ್ತು. ನಿಷೇಧವೇ ಆ ಜನರ ಸಂಕಟವನ್ನು ಹೆಚ್ಚಿಸಿತ್ತು ಎಂಬ ಕಹಿಸತ್ಯವನ್ನು ಎಲ್ಟನ್ ಅವರ ಎಣಿಕೆ ಕರ್ಕ್ ಅವರ ಮೇಜಿನ ಮೇಲೆ ತಂದಿಟ್ಟಿತು.

ಈ ಸಲ ಕರ್ಕ್ ಬೆದರಿಕೆಗಿಂತ ಹೆಚ್ಚಾಗಿ ಸ್ನೇಹವನ್ನು ನಂಬಿದರು. 1875ರ ಬೇಸಿಗೆಯಲ್ಲಿ ಬರ್ಗಶ್ ಇಂಗ್ಲೆಂಡಿಗೆ ಭೇಟಿ ಕೊಟ್ಟಾಗ ಜೊತೆಗಿದ್ದರು. ಸುಲ್ತಾನರಿಗೆ ತಮ್ಮ ಅಧಿಕಾರ ಒಳನಾಡಿಗೆ ವಿಸ್ತರಿಸಬೇಕೆಂಬ ಆಸೆಯಿತ್ತು. ಬ್ರಿಟನ್ ಅದಕ್ಕೆ ಬೆಂಬಲವಾಗಿ ನಿಲ್ಲುತ್ತದೆ, ಬದಲಿಗೆ ನೆಲದ ಮೇಲಿನ ಸಾಗಣೆಯನ್ನೂ ನಿಲ್ಲಿಸಿ ಎಂಬುದು ಕರ್ಕ್ ಅವರ ಮಾತುಕತೆಯ ತಿರುಳು. 1876ರ ಏಪ್ರಿಲ್‌ನಲ್ಲಿ ಬರ್ಗಶ್ ಎರಡು ಘೋಷಣೆಗಳನ್ನು ಹೊರಡಿಸಿ, ಒಳನಾಡಿನಿಂದ ಗುಲಾಮರನ್ನು ಕರಾವಳಿಗೆ ತರುವುದನ್ನೂ ಕರಾವಳಿಯ ಗುಂಟ ನಡೆಸುವುದನ್ನೂ ನಿಷೇಧಿಸಿದರು. ಅದನ್ನು ಜಾರಿಗೆ ತರಲು 1877ರಿಂದ ಲಾಯ್ಡ್ ಮ್ಯಾಥ್ಯೂಸ್ ಎಂಬ ಬ್ರಿಟಿಷ್ ನೌಕಾಧಿಕಾರಿಯ ಕೈಕೆಳಗೆ ಸುಲ್ತಾನರದೇ ಹೊಸ ಸೇನೆ ತಯಾರಾಯಿತು. ಸಮುದ್ರದ ಕಾವಲಿಗೆ ‘ಲಂಡನ್’ ಎಂಬ ಹಳೆಯ ಯುದ್ಧನೌಕೆ 1874ರಿಂದ ಸುಮಾರು ಹತ್ತು ವರ್ಷ ಜಾಂಜಿಬಾರಿನ ಬಂದರಿನಲ್ಲೇ ಠಾಣೆಯಂತೆ ನಿಂತಿತ್ತು; ಅದರ ಚಿಕ್ಕ ದೋಣಿಗಳು ಪೆಂಬಾದ ಕೊಲ್ಲಿಗಳಲ್ಲಿ ಗಸ್ತು ತಿರುಗುತ್ತಿದ್ದವು. 1881ರಲ್ಲಿ ಅದರ ಕ್ಯಾಪ್ಟನ್ ಬ್ರೌನ್‌ರಿಗ್ ಅವರೇ ಗುಲಾಮರನ್ನು ಸಾಗಿಸುತ್ತಿದ್ದ ಹಡಗೊಂದನ್ನು ತಡೆಯಲು ಹೋಗಿ ಕೊಲೆಯಾದರು.

ಬಿಡುಗಡೆಯಾದವರನ್ನು ಎಲ್ಲಿಗೆ ಕಳಿಸುವುದು ಎಂಬ ಪ್ರಶ್ನೆ ಆಗ ಯಾರಿಗೂ ಸುಲಭವಾಗಿರಲಿಲ್ಲ, ಏಕೆಂದರೆ ಅವರ ಊರುಗಳು ನೂರಾರು ಮೈಲಿ ಒಳಗಿದ್ದವು, ಎಷ್ಟೋ ಊರುಗಳು ಸುಟ್ಟುಹೋಗಿದ್ದವು, ಮರಳಿ ಕಳಿಸಿದರೆ ಮತ್ತೆ ಸೆರೆ ಸಿಕ್ಕುವ ಅಪಾಯವಿತ್ತು. ನೌಕಾಪಡೆ ಬಿಡಿಸಿದವರಲ್ಲಿ ಹಲವರನ್ನು ಬೊಂಬಾಯಿಗೆ ತಂದಿದ್ದರು. ಮಕ್ಕಳಲ್ಲಿ ಕೆಲವರು ನಾಸಿಕದ ಬಳಿಯ ಮಿಷನ್ ಆಶ್ರಮದಲ್ಲಿ ಬೆಳೆದರು. 1875ರಲ್ಲಿ ಮೊಂಬಾಸಾ ಎದುರು ಫ್ರಿಯರ್ ಟೌನ್ ಎಂಬ ನೆಲೆ ಕಟ್ಟಿದಾಗ ನಾಸಿಕದಲ್ಲಿ ಬೆಳೆದ ಈ ಜನರನ್ನೇ ಅಲ್ಲಿಗೆ ಕಳಿಸಲಾಯಿತು. ಜಾಂಜಿಬಾರ್ ದ್ವೀಪದ ಎಂಬ್ವೇನಿಯಲ್ಲೂ ಬಿಡುಗಡೆಯಾದವರ ಊರೊಂದು ಬೆಳೆಯಿತು. ಅದರ ಸಮೀಪವೇ ಕರ್ಕ್ ತಮ್ಮ ಪ್ರಯೋಗದ ತೋಟ ಮಾಡಿಕೊಂಡು, ಲಂಡನ್ನಿನ ಕ್ಯೂ ಉದ್ಯಾನದೊಂದಿಗೆ ಗಿಡ, ಬೀಜಗಳನ್ನು ಕೊಟ್ಟು ಪಡೆಯುತ್ತಿದ್ದರು.

ಹತ್ತು ವರ್ಷಗಳಲ್ಲಿ ಕರ್ಕ್ ಸುಲ್ತಾನರ ಅತ್ಯಂತ ಆಪ್ತ ಸಲಹೆಗಾರರಾದರು. ಬರ್ಗಶ್ ತಮ್ಮ ಜನರ ವಿರೋಧ ಕಟ್ಟಿಕೊಂಡು, ಆದಾಯ ಬಿಟ್ಟುಕೊಟ್ಟು, ಬ್ರಿಟನ್ನಿನ ಮಾತನ್ನು ನಡೆಸಿದ್ದು ಬ್ರಿಟನ್ ತಮ್ಮ ರಾಜ್ಯವನ್ನು ಕಾಯುತ್ತದೆ ಎಂಬ ನಂಬಿಕೆಯ ಮೇಲೆ. ಆ ನಂಬಿಕೆ 1885ರಲ್ಲಿ ಮುರಿಯಿತು. ಹಿಂದಿನ ವರ್ಷದ ಕೊನೆಯಲ್ಲಿ ಕಾರ್ಲ್ ಪೀಟರ್ಸ್ ಎಂಬ ಜರ್ಮನ್ ಸಾಹಸಿ ಒಳನಾಡಿನ ಮುಖಂಡರಿಂದ ಕಾಗದಗಳಿಗೆ ಗುರುತು ಹಾಕಿಸಿಕೊಂಡು ಹೋಗಿದ್ದರು; 1885ರ ಫೆಬ್ರುವರಿಯಲ್ಲಿ ಜರ್ಮನ್ ಚಕ್ರವರ್ತಿ ಆ ಪ್ರದೇಶಕ್ಕೆ ತಮ್ಮ ರಕ್ಷಣೆಯನ್ನು ಘೋಷಿಸಿದರು. ಬರ್ಗಶ್ ಪ್ರತಿಭಟಿಸಿದರು. ಆಗಸ್ಟಿನಲ್ಲಿ ಜರ್ಮನ್ ಯುದ್ಧನೌಕೆಗಳು ಅರಮನೆಯ ಮುಂದೆ ಬಂದು ನಿಂತವು. ಜರ್ಮನಿಯನ್ನು ಎದುರು ಹಾಕಿಕೊಳ್ಳುವುದು ಬೇಡವಾಗಿದ್ದ ಲಂಡನ್, ಸುಲ್ತಾನರನ್ನು ಒಪ್ಪಿಸುವಂತೆ ಕರ್ಕ್ ಅವರಿಗೆ ಆಜ್ಞೆ ಕಳಿಸಿತು. ಇದು ಅನ್ಯಾಯ ಎಂದು ಅವರಿಗೆ ತಿಳಿದಿತ್ತು, ತಮ್ಮ ಇಪ್ಪತ್ತು ವರ್ಷದ ಕೆಲಸ ಕುಸಿಯುತ್ತದೆ ಎಂದೂ ತಿಳಿದಿತ್ತು. ಆದರೂ ಆಜ್ಞೆ ಪಾಲಿಸಿದರು. 1886ರ ನವೆಂಬರ್‌ನಲ್ಲಿ ಎರಡು ಯುರೋಪಿಯನ್ ಸರ್ಕಾರಗಳು ಮಾಡಿಕೊಂಡ ಒಪ್ಪಂದ ಸುಲ್ತಾನರಿಗೆ ಮುಖ್ಯಭೂಮಿಯಲ್ಲಿ ಹತ್ತು ಮೈಲಿ ಅಗಲದ ಕರಾವಳಿಯ ಪಟ್ಟಿಯನ್ನಷ್ಟೇ ಉಳಿಸಿತು. ಕರ್ಕ್ ಅಷ್ಟರಲ್ಲಿ ದ್ವೀಪ ಬಿಟ್ಟು ಹೋಗಿದ್ದರು. ಬರ್ಗಶ್ 1888ರ ಮಾರ್ಚ್‌ನಲ್ಲಿ ತೀರಿಕೊಂಡರು, ಎರಡೇ ವರ್ಷದಲ್ಲಿ ಜಾಂಜಿಬಾರ್ ಬ್ರಿಟಿಷ್ ರಕ್ಷಿತ ರಾಜ್ಯವಾಯಿತು.

ಕರ್ಕ್ ಅವರ ಬದುಕಿನ ಅತ್ಯಂತ ಕಷ್ಟದ ಪ್ರಶ್ನೆ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. 1873ರಲ್ಲಿ ಸುಲ್ತಾನರನ್ನು ಒಪ್ಪಿಸಿದ ಸಾಧನವೂ 1885ರಲ್ಲಿ ಸುಲ್ತಾನರನ್ನು ಒಪ್ಪಿಸಿದ ಸಾಧನವೂ ಒಂದೇ: ಬಂದರಿನಲ್ಲಿ ನಿಂತ ಪರದೇಶದ ನೌಕೆ, ಅದರ ಅರ್ಥವನ್ನು ಅರಮನೆಯಲ್ಲಿ ವಿವರಿಸುವ ಒಬ್ಬ ನಂಬಿಕಸ್ಥ ಕಾನ್ಸಲ್. ಮೊದಲ ಸಲ ಅದು ಬಂಧಿತರ ಪರವಾಗಿ ನಡೆಯಿತು, ಎರಡನೆಯ ಸಲ ಭೂಮಿ ಹಂಚಿಕೊಳ್ಳುವವರ ಪರವಾಗಿ. ಗುಲಾಮರ ವ್ಯಾಪಾರವನ್ನು ತಡೆಯಲೆಂದು ಸುಲ್ತಾನರನ್ನು ಒಂದೇ ಶಕ್ತಿಯ ಮೇಲೆ ಪೂರ್ತಿ ಅವಲಂಬಿಸುವಂತೆ ಮಾಡಿದ್ದರಿಂದ, ಆ ಶಕ್ತಿ ಕೈಬಿಟ್ಟಾಗ ಹಿಡಿದುಕೊಳ್ಳಲು ಅವರಿಗೆ ಬೇರೇನೂ ಉಳಿದಿರಲಿಲ್ಲ.

1889ರ ನವೆಂಬರ್‌ನಿಂದ ಬ್ರಸೆಲ್ಸ್‌ನಲ್ಲಿ ನಡೆದ ಗುಲಾಮರ ವ್ಯಾಪಾರ ವಿರೋಧಿ ಸಮ್ಮೇಳನಕ್ಕೆ ಕರ್ಕ್ ಬ್ರಿಟನ್ನಿನ ಪ್ರತಿನಿಧಿಗಳಲ್ಲಿ ಒಬ್ಬರಾಗಿ ಹೋದರು. 1890ರ ಜುಲೈನಲ್ಲಿ ಸಿದ್ಧವಾದ ಅದರ ನಿರ್ಣಯಪತ್ರ ಆಫ್ರಿಕಾಕ್ಕೆ ಬಂದೂಕು ಮತ್ತು ಮದ್ಯದ ಆಮದಿಗೆ ಮಿತಿ ಹಾಕಿತು, ಹಡಗುಗಳ ತಪಾಸಣೆಗೆ ನಿಯಮ ಮಾಡಿತು, ಒಳನಾಡಿನಲ್ಲಿ ಠಾಣೆ, ರಸ್ತೆ, ರೈಲು ಕಟ್ಟುವುದನ್ನೇ ಗುಲಾಮರ ವ್ಯಾಪಾರ ತಡೆಯುವ ಉಪಾಯವೆಂದು ಹೇಳಿತು. ಸಮ್ಮೇಳನದ ಆತಿಥೇಯ ಬೆಲ್ಜಿಯಂನ ದೊರೆ ಎರಡನೆಯ ಲಿಯೊಪೋಲ್ಡ್. ಗುಲಾಮರ ವಿಮೋಚನೆಯ ಹೆಸರಿನಲ್ಲಿ ಕಾಂಗೋವನ್ನು ಹಿಡಿದ ಆತನ ಆಳ್ವಿಕೆ ರಬ್ಬರಿಗಾಗಿ ಲಕ್ಷಾಂತರ ಜನರನ್ನು ಬಲವಂತದ ದುಡಿಮೆಗೆ ನೂಕಿತು. ಪೂರ್ವ ಆಫ್ರಿಕಾದಲ್ಲಿ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ಉಗಾಂಡ ರೈಲು ಹಾಕುವ ಸರ್ಕಾರಿ ಸಮಿತಿಯಲ್ಲೂ ಕರ್ಕ್ ಇದ್ದರು. ರೈಲು ಬಂದರೆ ಹೊರೆ ಹೊರುವ ಗುಲಾಮನ ಅಗತ್ಯವೇ ಇರುವುದಿಲ್ಲ ಎಂಬುದು ವಾದ. ಅದನ್ನು ಕಟ್ಟಿದವರು ಗೊತ್ತಾದ ಅವಧಿಯವರೆಗೆ ದುಡಿಯಲೇಬೇಕೆಂಬ ಗಿರ್ಮಿಟ್ ಕರಾರಿನ ಮೇಲೆ ಭಾರತದಿಂದ, ಅದರಲ್ಲೂ ಪಂಜಾಬಿನಿಂದ, ಕರೆತಂದ ಸುಮಾರು 32,000 ಕೂಲಿಗಳು. ಅವರಲ್ಲಿ ಸುಮಾರು 2,500 ಮಂದಿ ಆ ಕೆಲಸದಲ್ಲಿ ಸತ್ತರು.

ಜಾಂಜಿಬಾರಿನ ತೋಟಗಳ ಗುಲಾಮರ ವಿಷಯಕ್ಕೆ ಕಾನೂನು ಕೈಹಾಕಿದ್ದು 1897ರ ಏಪ್ರಿಲ್‌ನಲ್ಲಿ. ಆಗ ಅನುಸರಿಸಿದ ವಿಧಾನ ಭಾರತದ್ದು. ಬ್ರಿಟಿಷ್ ಭಾರತದ 1843ರ ಐದನೆಯ ಕಾಯ್ದೆ ಗುಲಾಮರನ್ನು ಬಿಡಿ ಎಂದು ಯಾರಿಗೂ ಆಜ್ಞೆ ಮಾಡಿರಲಿಲ್ಲ. ಒಬ್ಬ ಮನುಷ್ಯನ ಮೇಲೆ ಇನ್ನೊಬ್ಬನ ಒಡೆತನದ ಹಕ್ಕನ್ನು ನ್ಯಾಯಾಲಯಗಳು ಎತ್ತಿಹಿಡಿಯುವುದಿಲ್ಲ ಎಂದಷ್ಟೇ ಹೇಳಿತ್ತು. ಜಾಂಜಿಬಾರಿನ ಆಜ್ಞೆಯೂ ಗುಲಾಮಗಿರಿಯ ಕಾನೂನು ಮಾನ್ಯತೆಯನ್ನು ಮಾತ್ರ ತೆಗೆಯಿತು. ಬಿಡುಗಡೆ ಬೇಕಾದವರು ತಾವೇ ನ್ಯಾಯಾಲಯಕ್ಕೆ ಹೋಗಿ ಅರ್ಜಿ ಹಾಕಬೇಕಿತ್ತು, ತಮಗೊಂದು ವಾಸದ ನೆಲೆಯೂ ಜೀವನೋಪಾಯವೂ ಇದೆಯೆಂದು ತೋರಿಸಬೇಕಿತ್ತು. ನಷ್ಟಪರಿಹಾರ ಸಿಕ್ಕಿದ್ದು ಒಡೆಯರಿಗೆ. ಉಪಪತ್ನಿಯರಾಗಿ ಇರಿಸಿಕೊಂಡಿದ್ದ ಹೆಂಗಸರನ್ನು ಆ ಆಜ್ಞೆಯಿಂದ ಹೊರಗಿಟ್ಟರು. ಅವರಿಗೂ ಬಿಡುಗಡೆಯ ಹಕ್ಕು ಬಂದದ್ದು 1909ರಲ್ಲಿ, ಸಂತೆಗೆ ಬೀಗ ಬಿದ್ದ 36 ವರ್ಷಗಳ ಮೇಲೆ. ಕರ್ಕ್ ಆಗ ಇಂಗ್ಲೆಂಡಿನ ಸೆವೆನೋಕ್ಸ್‌ನಲ್ಲಿ ನಿವೃತ್ತ ಜೀವನ ನಡೆಸುತ್ತಿದ್ದರು. 1922ರ ಜನವರಿ 15ರಂದು ಅಲ್ಲಿಯೇ ತಮ್ಮ 89ನೆಯ ವಯಸ್ಸಿನಲ್ಲಿ ತೀರಿಕೊಂಡರು.